ಹನ್ನೆರಡು ಕಾಯಿ, ಒಂದು ಕೆಂಪು ಬಟ್ಟೆ

ಡಿಸೆಂಬರ್ ತಿಂಗಳಲ್ಲಿ ಅಥಣಿ ಕಡೆಯ ದ್ರಾಕ್ಷಿ ತೋಟಕ್ಕೆ ಬಂದು ಯಾರಾದರೂ ಹಣ್ಣು ಕೇಳಿದರೆ ಅವರು ದೂರದ ಊರಿನವರು ಎಂದು ತಿಳಿಯಬೇಕು. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿದರೆ ಫೆಬ್ರವರಿ ಮುಗಿಯುವ ಹೊತ್ತಿಗೆ ಹಣ್ಣು. ಡಿಸೆಂಬರಿನಲ್ಲಿ ಗೊನೆಯಲ್ಲಿರುವುದು ಬಟಾಣಿ ಗಾತ್ರದ ಹಸಿರು ಕಾಯಿ. ಬಾಯಿಗೆ ಹಾಕಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಇದು ನನ್ನ ತಂಗಿಗೆ ನನಗಿಂತ ಚೆನ್ನಾಗಿ ಗೊತ್ತು. ಒತ್ತೊತ್ತಾಗಿ ಬೆಳೆದ ಗೊನೆಯೊಳಗೆ ಸಣ್ಣ ಕತ್ತರಿ ತೂರಿಸಿ, ಹೆಚ್ಚಾದ ಕಾಯಿಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆಯುವ ಕೆಲಸದಲ್ಲಿ ಅವಳ ಕೈ ನಮ್ಮ ಭಾಗದಲ್ಲೇ ಹೆಸರಾದದ್ದು.

ಅಂಥವಳು ಒಂದು ದಿನ ಬಳ್ಳಿಯ ಕೆಳಗೆ ನಿಂತು ಕೇಳಿದಳು.

"ಅಣ್ಣಾ, ಈ ತಿಂಗಳ ಕೊನಿಗೆ ಎಲ್ಲ್ಯಾರ ತಿನ್ನುವಂಥಾ ಹಣ್ಣ ಸಿಗ್ತಾವೇನೋ?"

"ಯಾರಿಗೆ?"

"ಯಾರಿಗಿಲ್ಲ. ಸುಮ್ನ ಕೇಳಿದ್ನಿ."

"ಎಷ್ಟ ಬೇಕು?"

"ಹನ್ನೆರಡು."

"ಹನ್ನೆರಡು ಗೊನಿ?"

"ಗೊನಿ ಅಲ್ಲೋ. ಹನ್ನೆರಡು ಹಣ್ಣು."

ಇಷ್ಟು ಹೇಳಿ ಅವಳು ಮುಂದಿನ ಬಳ್ಳಿಗೆ ಹೋದಳು. ನಾನು ಅಲ್ಲೇ ನಿಂತೆ. ದ್ರಾಕ್ಷಿಯನ್ನು ಕಿಲೋದಲ್ಲಿ ಕೇಳಿದವರನ್ನು ಕಂಡಿದ್ದೆ, ಪೆಟ್ಟಿಗೆಯಲ್ಲಿ ಕೇಳಿದವರನ್ನು ಕಂಡಿದ್ದೆ. ಎಣಿಸಿ ಹನ್ನೆರಡು ಹಣ್ಣು ಕೇಳಿದವರನ್ನು ನೋಡಿದ್ದು ಅದೇ ಮೊದಲು. ನಮ್ಮ ಕಡೆ ಎಣಿಸಿ ಇಡುವುದು ಯಾವಾಗ ಎಂದು ಎಲ್ಲರಿಗೂ ಗೊತ್ತು. ಮೂರು ಹಾದಿ ಕೂಡುವಲ್ಲಿ ಇಟ್ಟು ಬರುವ ಲಿಂಬೆಹಣ್ಣಿಗೆ, ಹೊಸ್ತಿಲ ಕೆಳಗೆ ಹೂಳುವ ಮೊಳೆಗೆ ಎಣಿಕೆ ಇರುತ್ತದೆ.

ನನ್ನ ಸಂಶಯ ಹೀಗೆ ಶುರುವಾಯಿತು. ಆದರೆ ಅದು ಬರೀ ಹಣ್ಣಿನಿಂದ ಶುರುವಾಗಲಿಲ್ಲ. ಅದಕ್ಕೆ ಮೊದಲೇ ನನ್ನ ಹೊಟ್ಟೆಯೊಳಗೆ ಒಂದು ಮಾತು ಕುಳಿತಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ತಂಗಿಯನ್ನು ನಿಪ್ಪಾಣಿಗೆ ಕೊಟ್ಟಿದ್ದೆವು. ಆರು ವರ್ಷದ ಹಿಂದೆ ಅವಳ ಗಂಡ ಕಾಯಿಲೆಯಿಂದ ತೀರಿಕೊಂಡ. ಮಕ್ಕಳಿರಲಿಲ್ಲ. ನಾನೇ ಹೋಗಿ ಅವಳನ್ನೂ ಅವಳ ಹೊಲಿಗೆ ಮಷೀನನ್ನೂ ಒಂದೇ ಟೆಂಪೋದಲ್ಲಿ ಕರೆತಂದೆ. ನಮ್ಮ ಮಗಳನ್ನು ಕಾಗವಾಡಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಉಳಿದವರು ಮೂವರು: ನಾನು, ನನ್ನ ಹೆಂಡತಿ, ತಂಗಿ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ನಲವತ್ತೆರಡನೇ ವಯಸ್ಸಿನಲ್ಲಿ ಹೊರಗಿನಿಂದ ಪರೀಕ್ಷೆ ಕಟ್ಟಿ ಹತ್ತನೇ ಇಯತ್ತೆ ಪಾಸು ಮಾಡಿದೆ. ಆ ಎರಡು ವರ್ಷ ಸಂಜೆ ಹೊತ್ತು ನನ್ನನ್ನು ಕೂರಿಸಿ ಓದಿಸಿದವಳು ಅವಳೇ. ಈಗ ನಾನು ಒಂದು ಬೆರಳಿನಲ್ಲಿ ಇದನ್ನು ಟೈಪು ಮಾಡುತ್ತಿದ್ದರೆ ಅದೂ ಅವಳು ಕಲಿಸಿದ್ದೇ.

ಕಳೆದ ದೀಪಾವಳಿಯ ಹೊತ್ತಿಗೆ ಅಥಣಿಯಲ್ಲಿ ಬೆಳೆಗೆ ಹೊಡೆಯುವ ಔಷಧ ಮಾರುವ ಅಂಗಡಿಯವರು ನನ್ನನ್ನು ಒಳಗೆ ಕರೆದು ಕೂರಿಸಿದರು. ರಾಯಬಾಗದಲ್ಲಿ ಅವರ ಸಂಬಂಧಿಕರೊಬ್ಬರು, ಹೈಸ್ಕೂಲಿನಲ್ಲಿ ಗುಮಾಸ್ತರು, ಹೆಂಡತಿ ತೀರಿಕೊಂಡು ಮೂರು ವರ್ಷ. ಒಬ್ಬಳು ಮಗಳು. "ನಿಮ್ಮ ತಂಗೀನ ಉಡಿಕಿ ಮಾಡಿಕೊಡ್ತೀರೇನು ಕೇಳ್ಯಾರ," ಎಂದರು. ಗಂಡ ಸತ್ತವಳಿಗೆ ಇನ್ನೊಂದು ಸಲ ಸೀರೆ ಉಡಿಸಿ ಸಂಸಾರಕ್ಕೆ ಕಳಿಸುವುದು ಉಡಿಕಿ. ನಮ್ಮವರಲ್ಲಿ ಹಿಂದಿನಿಂದಲೂ ಇದೆ, ತಪ್ಪೇನಲ್ಲ. ನಾನು "ನೋಡೂಣ್ರಿ" ಎಂದೆ. ಎಂಟು ದಿನ ಬಿಟ್ಟು ಅವರು ಫೋನ್ ಮಾಡಿದಾಗ "ಅಕಿಗೆ ಮನಸಿಲ್ರಿ" ಎಂದುಬಿಟ್ಟೆ.

ಅವಳನ್ನು ನಾನು ಕೇಳಿಯೇ ಇರಲಿಲ್ಲ.

ಯಾಕೆ ಕೇಳಲಿಲ್ಲ ಎಂದರೆ ಒಂದು ಕಾರಣ ಹೇಳಲಾರೆ. ತೋಟದಲ್ಲಿ ಅವಳ ಕೈ ಬೇಕಿತ್ತು. ಮನೆಯಲ್ಲಿ ಅವಳ ಮಾತು ಬೇಕಿತ್ತು. ಅವಳು ಹೋದರೆ ನಾನೂ ನನ್ನ ಹೆಂಡತಿಯೂ ಎದುರುಬದುರು ಕುಳಿತು ಏನು ಮಾತಾಡುವುದು ಎಂಬ ಹೆದರಿಕೆಯೂ ಇತ್ತು. ಹೆಂಡತಿಗೆ ಮಾತ್ರ ಹೇಳಿದ್ದೆ. ಅವಳು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

ಮುಚ್ಚಿಟ್ಟವನಿಗೆ ಎಲ್ಲರೂ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಕಾಣುತ್ತದೆ. ಅವಳು ಹನ್ನೆರಡು ಹಣ್ಣು ಕೇಳಿದ ದಿನದಿಂದ ನಾನು ಅವಳನ್ನು ನೋಡುವ ರೀತಿಯೇ ಬೇರೆಯಾಯಿತು. ಫೋನು ಬಂದರೆ ಅವಳು ಹಿತ್ತಲಿಗೆ ಹೋಗುತ್ತಾಳೆ, ಮರಾಠಿಯಲ್ಲಿ ಮಾತಾಡುತ್ತಾಳೆ, ನಗುತ್ತಾಳೆ. ಆ ಫೋನು ಬರುವುದು ಮಧ್ಯಾಹ್ನ ಮೂರರ ಮೇಲೆ. ಮೊದಲು ಹೀಗಿರಲಿಲ್ಲ. ಅಥವಾ ಮೊದಲೂ ಹೀಗೇ ಇದ್ದು ನಾನು ನೋಡಿರಲಿಲ್ಲ.

ಒಂದು ದಿನ, ಅವಳು ಊರ ಹೆಂಗಸರ ಕುಬಸ, ಅಂದರೆ ರವಿಕೆ, ಹೊಲಿಯುವ ಮಷೀನಿನ ಕೆಳಗೆ ಕಸದಲ್ಲಿ ಕೆಂಪು ಬಟ್ಟೆಯ ತುಂಡುಗಳು ಕಂಡವು. ಕುಂಕುಮದಂಥ ಕೆಂಪು. ನಾನು ಬಗ್ಗಿ ಒಂದನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

"ಇದ ಯಾರ ಕುಬಸದ್ದು?"

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಯಾರದೋ ಇರ್ತೈತಿ. ದಿನಾ ಹತ್ತ ಮಂದಿ ಬರ್ತಾರ."

"ಈ ವಾರ ಬಂದವ್ರು ನಾಕ ಮಂದಿ. ಹಸರ, ನೀಲಿ, ಮತ್ತ ಎರಡ ಹಳದಿ. ಕೆಂಪ ಯಾರೂ ಕೊಟ್ಟಿಲ್ಲ."

ಈಗ ರೊಟ್ಟಿ ನಿಂತಿತು. "ಇಲ್ ನೋಡ್ರಿ, ನೀವು ಹತ್ತನೇ ಪಾಸ ಆಗೂಕಿಂತ ಮೊದ್ಲ ಭಾಳ ಚಲೋ ಮನಶ್ಯಾ ಇದ್ರಿ. ಓದಿದ ಮ್ಯಾಲ ಬರೇ ಲೆಕ್ಕಾ ಹಾಕಾಕತ್ತೀರಿ. ಹೆಣ್ಮಕ್ಕಳ ಬಟ್ಟಿ ಎಣಿಸಾಕ ನಾಚಿಕಿ ಬರೂದಿಲ್ಲೇನು?"

ನಾಚಿಕೆ ಬಂತು. ಆದರೆ ಸಂಶಯ ಹೋಗಲಿಲ್ಲ. ಆರು ವರ್ಷದಿಂದ ನನ್ನ ತಂಗಿ ಕೆಂಪು ಉಟ್ಟಿರಲಿಲ್ಲ. ಬೂದು, ಕಂದು, ತಿಳಿನೀಲಿ. ಯಾರೂ ಅವಳಿಗೆ ಬೇಡ ಎಂದಿರಲಿಲ್ಲ, ಅವಳಾಗಿಯೇ ಬಿಟ್ಟಿದ್ದಳು. ಈಗ ಯಾರಿಗಾಗಿ ಕೆಂಪು? ರಾಯಬಾಗದ ಗುಮಾಸ್ತರು ನೇರವಾಗಿ ಅವಳಿಗೇ ಫೋನು ಮಾಡುತ್ತಿದ್ದಾರೆಯೇ? ಹಾಗಿದ್ದರೆ ಮಾತಾಡುವುದು ಮರಾಠಿಯಲ್ಲಿ ಏಕೆ? ಅಥವಾ ನಿಪ್ಪಾಣಿಯ ಬೇರೆ ಯಾರಾದರೂ ಇದ್ದಾರೆಯೇ? ಕೆಂಪು ಬಟ್ಟೆ, ಎಣಿಸಿ ಕೇಳಿದ ಹಣ್ಣು, ಇವೆರಡನ್ನು ಕೂಡಿಸಿದರೆ ಇನ್ನೊಂದು ಯೋಚನೆಯೂ ಬರುತ್ತಿತ್ತು. ಅದನ್ನು ಬರೆಯಲೂ ಕೈ ಬರುವುದಿಲ್ಲ. ಅವಳು ಯಾರ ಮನಸ್ಸನ್ನೋ ತಿರುಗಿಸಲು ಏನೋ ಮಾಡಿಸುತ್ತಿದ್ದಾಳೆ. ನನ್ನ ಮನಸ್ಸನ್ನೇ ಇರಬಹುದು.

ಮರುದಿನ ಬೆಳಿಗ್ಗೆ ತೋಟದಲ್ಲಿ ನಾನು ಕಣ್ಣಾರೆ ಕಂಡೆ. ಬದುವಿನ ಕಲ್ಲಿನ ಮೇಲೆ ಆ ಕೆಂಪು ಬಟ್ಟೆಯ ಒಂದು ಚೂರು, ಅದರಲ್ಲಿ ಹಸಿರು ಕಾಯಿ. ಎಣಿಸಿದೆ. ಹನ್ನೆರಡು. ಒಂದೊಂದರ ತೊಟ್ಟೂ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ಆ ಕೆಲಸ ಯಾರದೆಂದು ಕೇಳುವುದೇ ಬೇಡ. ಪಕ್ಕದಲ್ಲೇ ಒಂದು ಕಾಗದದ ಪೊಟ್ಟಣದಲ್ಲಿ ಮಸೂರಿ ಕಾಳು.

ನಾನು ಯಾವುದನ್ನೂ ಮುಟ್ಟಲಿಲ್ಲ. ಮನೆಗೆ ಬಂದು ಊಟದ ಹೊತ್ತಿಗೆ ಗೋಡೆ ನೋಡುತ್ತಾ ಹೇಳಿದೆ, "ಮೊನ್ನೆ ತ್ವಾಟಕ್ಕ ಔಷಧಾ ಹೊಡದೈತಿ. ಯಾರೂ ಕಾಯಿ ಬಾಯಾಗ ಹಾಕಬ್ಯಾಡ್ರಿ."

ತಂಗಿ ತಟ್ಟೆಯಿಂದ ತಲೆ ಎತ್ತಿದಳು. "ಹೌದಲ್ಲ! ಅದ ನೆನಪ ಹಾರಿತ್ತ ನೋಡು. ಚಲೋ ಆತು ಹೇಳಿದಿ."

ಚಲೋ ಆಯಿತಂತೆ. ಅಷ್ಟು ಸಲೀಸಾಗಿ ಹೇಳಿದ್ದು ಕಂಡು ನನ್ನ ಸಂಶಯ ಎರಡು ಪಟ್ಟಾಯಿತು.

ಏಕಸಂಬಿಯಲ್ಲಿ ಇಂಥ ಮಾಟ-ಮಂತ್ರವನ್ನು ನೋಡಿ ಹೇಳುವವರೊಬ್ಬರು ಇದ್ದಾರೆ ಎಂದು ಕೇಳಿದ್ದೆ. ಬಿತ್ತನೆ ಕಬ್ಬು ನೋಡಿಬರುತ್ತೇನೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಇಳಿದು ಏಕಸಂಬಿ ಬಸ್ಸಿಗೆ ಕಾಯುತ್ತಾ ಕುಳಿತಾಗ ನನ್ನ ವಿಜ್ಞಾನದ ಪರೀಕ್ಷೆ ನೆನಪಾಯಿತು. ಮೂಢನಂಬಿಕೆಯಿಂದ ಆಗುವ ಹಾನಿಗಳನ್ನು ಬರೆಯಿರಿ ಎಂದು ಕೇಳಿದ್ದರು. ನಾನು ಒಂದು ಪುಟ ತುಂಬ ಬರೆದಿದ್ದೆ. ಅಡುಗೆಮನೆಯ ನೆಲದ ಮೇಲೆ ಕುಳಿತು ನನಗೆ ಆ ಉತ್ತರವನ್ನು ಏಳು ಸಲ ಬರೆಸಿದವಳು ಯಾರು? ಅವಳ ಬಗ್ಗೆಯೇ ಶಕುನ ಕೇಳಲು ಹೊರಟಿದ್ದೆ. ಏಕಸಂಬಿ ಬಸ್ಸು ಬಂತು, ಹೋಯಿತು. ಎರಡು ವಡೆ ತಿಂದು ವಾಪಸು ಅಥಣಿ ಬಸ್ಸು ಹತ್ತಿದೆ.

ತಿಂಗಳ ಕೊನೆಯ ದಿನ ಬಂತು. ಅಂದು ಸಂಜೆ ತಂಗಿ ಅಖ್ಖಾ ಮಸೂರ ಮಾಡಿದಳು. ಹೆದ್ದಾರಿಯ ಧಾಬಾಗಳಲ್ಲಿ ಸಿಗುತ್ತದಲ್ಲ, ಇಡೀ ಕಾಳಿನ ಖಾರದ ಪಲ್ಯ, ಅದೇ. ಆ ಪೊಟ್ಟಣದ ಕಾಳೇ ಇರಬೇಕು ಎಂದು ನಾನು ಮೊದಲ ತುತ್ತಿಗೆ ಕೈ ಹಾಕಲಿಲ್ಲ. ಹೆಂಡತಿ ತಿಂದಳು, ಇನ್ನೊಂದು ಸಲ ಹಾಕಿಸಿಕೊಂಡಳು, ಏನೂ ಆಗಲಿಲ್ಲ. ಆಮೇಲೆ ನಾನೂ ತಿಂದೆ. ರುಚಿ ಚೆನ್ನಾಗಿತ್ತು ಎಂದು ಒಪ್ಪಬೇಕು.

"ಯಾಕ ಅಣ್ಣಾ, ಕಾಳ ಆರಿಸಿ ಆರಿಸಿ ತಿನ್ನಾಕತ್ತಿ? ಹರಳ ಅದಾವೇನು?"

"ಹಂಗೇನಿಲ್ಲ."

ಮಲಗುವ ಮೊದಲು ಅವಳು ಫೋನಿನಲ್ಲಿ ಅಲಾರಾಮು ಇಡುವುದನ್ನು ನೋಡಿದೆ. ನಾಲ್ಕು ಗಂಟೆಗೆ. ಮರುದಿನ ತೋಟದಲ್ಲಿ ಕೆಲಸವಿರಲಿಲ್ಲ, ಹೋಗಬೇಕಾದ ಊರಿರಲಿಲ್ಲ. ಹೊರಟುಹೋಗುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಕೆಂಪು ಸೀರೆಯುಟ್ಟು, ಬೆಳಗಿನ ಮೊದಲ ಬಸ್ಸಿಗೆ.

ನಾಲ್ಕಕ್ಕೆ ಅಲಾರಾಮು ಆದಾಗ ನಾನು ಎಚ್ಚರವಾಗಿಯೇ ಇದ್ದೆ. ಅವಳು ಬಾಗಿಲ ಚಿಲಕ ತೆಗೆಯಲಿ ಎಂದು ಕಾದೆ. ತೆಗೆಯಲಿಲ್ಲ. ಹೊಲಿಗೆ ಮಷೀನಿರುವ ಮುಂದಿನ ಕೋಣೆಯಲ್ಲಿ ದೀಪ ಹತ್ತಿತು. ಮಾತು ಕೇಳಿಸಿತು. ಇಬ್ಬರ ಮಾತು. ಒಂದು ತಂಗಿಯದು. ಇನ್ನೊಂದು, ನನ್ನ ಹೆಂಡತಿಯದು! ಪಕ್ಕ ನೋಡಿದೆ, ಹಾಸಿಗೆ ಖಾಲಿ.

ಎದ್ದು ಹೋಗಿ ಬಾಗಿಲು ದೂಡಿದೆ. ಹೊಲಿಗೆ ಮಷೀನಿನ ಮೇಲೆ ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಿದ್ದರು. ಅದರ ಮುಂದೆ ಮೂರು ಬಟ್ಟಲು. ಒಂದು ಲೋಟದಲ್ಲಿ ಲಿಂಬೆ ಶರಬತ್ತು, ಅದರ ತಳದಲ್ಲಿ ತಂಗಿಯ ಚಿನ್ನದ ಬೆಂಡೋಲೆ. ಕಿವಿಯಿಂದ ಬಿಚ್ಚಿ ಹಾಕಿದ್ದಾಳೆ.

"ಏನ್ ನಡದೈತಿ ಇಲ್ಲಿ?" ಎಂದೆ. ದನಿ ನನಗೇ ಗೊತ್ತಾಗದಷ್ಟು ಜೋರಾಗಿತ್ತು.

ಫೋನಿನೊಳಗಿಂದ ಒಬ್ಬ ಹೆಣ್ಣುಮಗಳು ಕೂಗಿದಳು. "ಕಾಯ್ ದಾದಾ, ಬರಂ ಆಹೆ ಕಾ? ಓಳಖಲಂ ನಾಹಿ? ಗುರ್ತ ಸಿಗ್ಲಿಲ್ಲೇನು? ನಿಪ್ಪಾಣ್ಯಾಗ ನಿಮ್ಮ ತಂಗಿ ಬಾಜೂ ಮನಿಯಾಕಿ ನಾನು. ನಿಮಗ ಎಷ್ಟ ಸಲ ಚಹಾ ಮಾಡಿ ಕೊಟ್ಟೀನಿ!"

ಗುರುತು ಸಿಕ್ಕಿತು. ತಂಗಿಯ ಜೊತೆ ಒಂದೇ ಕಟ್ಟೆಯ ಮೇಲೆ ಕುಳಿತು ಬೀಡಿ ಕಟ್ಟುತ್ತಿದ್ದ ಗೆಳತಿ. ವ್ಯಾಪಾರಕ್ಕೆಂದು ಸ್ಪೇನ್ ದೇಶದಲ್ಲಿ ನೆಲೆಸಿದ ಒಂದು ಮನೆಯವರು ಅವರ ಮುದುಕಿಯನ್ನು ನೋಡಿಕೊಳ್ಳಲು ಇವಳನ್ನು ಕರೆದುಕೊಂಡು ಹೋಗಿದ್ದರಂತೆ. ನಾಲ್ಕು ವರ್ಷವಾಯಿತಂತೆ. ಮಧ್ಯಾಹ್ನ ಮೂರಕ್ಕೆ ಬರುತ್ತಿದ್ದ ಫೋನು ಅವಳದು. ಅಲ್ಲಿ ಆಗ ಬೆಳಿಗ್ಗೆ, ಮುದುಕಿಗೆ ಸ್ನಾನ ಮಾಡಿಸಿ ಕೂರಿಸಿದ ಮೇಲೆ ಅವಳಿಗೆ ಸ್ವಲ್ಪ ಬಿಡುವು.

"ಕೂಡ್ರಿ ದಾದಾ, ಟೈಮ ಆಗಾಕತ್ತೈತಿ," ಎಂದಳು. "ನಮಗಿಲ್ಲಿ ಹನ್ನೆರಡು ಹೊಡಿಯಾಕ ಇನ್ನ ಹತ್ತ ಮಿನಿಟ ಐತಿ. ಆವಾಗ ನಿಮಗ ಅಲ್ಲಿ ನಾಕೂವರಿ."

ನನಗೆ ಕುಳ್ಳಿರಲು ಜಾಗ ತೋರಿಸಿ ತಂಗಿ ವಿವರಿಸಿದಳು. ಆ ದೇಶದಲ್ಲಿ ವರ್ಷ ಮುಗಿಯುವಾಗ ಊರ ನಡುವಿನ ದೊಡ್ಡ ಗಡಿಯಾರ ಹನ್ನೆರಡು ಸಲ ಬಾರಿಸುತ್ತದೆ. ಒಂದೊಂದು ಬಾರಿಗೆ ಒಂದೊಂದು ದ್ರಾಕ್ಷಿ ತಿನ್ನಬೇಕು. ಒಂದೊಂದಕ್ಕೆ ಒಂದು ಬೇಡಿಕೆ. ಹನ್ನೆರಡೂ ತಪ್ಪದೆ ತಿಂದರೆ ವರ್ಷ ಒಳ್ಳೆಯದು. ಮಸೂರಿ ತಿಂದರೆ ಮನೆ ತುಂಬುತ್ತದೆ. ಕುಡಿಯುವ ಲೋಟದಲ್ಲಿ ಚಿನ್ನ ಹಾಕುತ್ತಾರೆ. ಮತ್ತೆ...

"ಮತ್ತ ಕೆಂಪ ಬಟ್ಟಿ?" ಎಂದೆ.

ಮೂವರು ಹೆಂಗಸರೂ ನಕ್ಕರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅದನ್ನ ಒಳಗ ಹಾಕ್ಕೋಬೇಕಂತ್ರಿ. ಹೊರಗ ಕಾಣಂಗಿಲ್ಲ. ಇನ್ನ ಮುಂದ ಕೇಳಬ್ಯಾಡ್ರಿ. ನಂದೂ ಒಂದ ಹೊಲದಾಳ."

ನಾನು ನೆಲ ನೋಡಿದೆ. ನೆಲ ನೋಡುತ್ತಲೇ ಕೇಳಿದೆ, "ಬದುವಿನ ಮ್ಯಾಲಿನ ಕಾಯಿ?"

"ಅದನ್ನೂ ನೋಡಿದಿ? ಅಂಗಡಿಯಿಂದ ಮಸೂರಿ ತರೂವಾಗ ತ್ವಾಟಕ್ಕ ಹಾಯ್ದು ಬಂದಿದ್ನಿ. ಹುಳಿ ಇದ್ರೂ ಇರ್ಲಿ ಅಂತ ಕತ್ತರಿಸಿ, ಎಲ್ಲಾ ಅಲ್ಲೇ ಇಟ್ಟು ಕೆಲಸಕ್ಕ ಹತ್ತಿದ್ನಿ. ನೀ ಔಷಧದ ಮಾತ ತಗದಿ, ಚೆಲ್ಲಿ ಬಂದ್ನಿ. ಆಮ್ಯಾಲ ಮಣೂಕ ನೆನಪಾತು."

ಬಟ್ಟಲುಗಳಲ್ಲಿ ಇದ್ದದ್ದು ಹೋದ ವರ್ಷ ನಮ್ಮದೇ ಶೆಡ್ಡಿನಲ್ಲಿ ಒಣಗಿಸಿದ ಮಣೂಕ, ಅಂದರೆ ಒಣದ್ರಾಕ್ಷಿ. ರಾತ್ರಿ ನೀರಲ್ಲಿ ನೆನೆಹಾಕಿದ್ದಳು. ಉಬ್ಬಿ ದುಂಡಗಾಗಿದ್ದವು. ಮೂರನೇ ಬಟ್ಟಲು ನನ್ನದು. ನನ್ನನ್ನು ಎಬ್ಬಿಸಬೇಕೆಂದೇ ಇದ್ದರಂತೆ. "ನಾಕೂ ಇಪ್ಪತ್ತಕ್ಕ ಎಬ್ಬಸೂಣು, ಮೊದ್ಲ ಎಬ್ಬಿಸಿದ್ರ ಒಂದ ತಾಸ ತಕರಾರ ತಗೀತಾರ" ಎಂದವಳು ನನ್ನ ಹೆಂಡತಿ.

ಫೋನಿನಲ್ಲಿ ಗೆಳತಿ ಅಲ್ಲಿಯ ಹಣ್ಣು ತೋರಿಸಿದಳು. ಗುಂಡನೆಯ, ತಿಳಿಹಸಿರಿನ ದೊಡ್ಡ ಹಣ್ಣು. ನಮ್ಮದರ ಹಾಗೆ ಉದ್ದವಿಲ್ಲ. ಬೀಜ ಇರುತ್ತವಂತೆ, ಮುದುಕಿಗೆ ಸಿಪ್ಪೆಯನ್ನೂ ಬೀಜವನ್ನೂ ತೆಗೆದು ಕೊಡಬೇಕಂತೆ. ಗೊನೆ ಬಳ್ಳಿಯಲ್ಲಿದ್ದಾಗಲೇ ಒಂದೊಂದಕ್ಕೂ ಕಾಗದದ ಚೀಲ ಕಟ್ಟುತ್ತಾರಂತೆ.

"ಈ ಪದ್ಧತಿ ಹೆಂಗ ಶುರು ಆತು?" ಎಂದು ಕೇಳಿದೆ.

"ಒಂದ ವರ್ಷ ಬೆಳಿ ಭಾಳ ಬಂದಿತ್ತಂತ ದಾದಾ. ಮಾರಾಕ ಬೆಳೆಗಾರರ ಎಬ್ಬಿಸಿದ್ದು ಅಂತಾರ. ಖರೇನೋ ಸುಳ್ಳೋ."

ಅದು ಮಾತ್ರ ನನಗೆ ಕೂಡಲೇ ನಂಬಿಕೆಯಾಯಿತು. ದ್ರಾಕ್ಷಿ ಬೆಳೆಯುವವನ ತಲೆಯಿಂದಲೇ ಬಂದ ಉಪಾಯ. ನಮ್ಮವರಿಗೆ ಇದು ಯಾಕೆ ಹೊಳೆಯಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಫೋನಿನೊಳಗೆ, ಅವರ ಟಿವಿಯಲ್ಲಿ ಕೇಳುತ್ತಿದ್ದ ಜನರ ಗದ್ದಲ ನಿಂತಿತು. ಗಂಟೆ ಬಾರಿಸಿತು. ನಾನು ಮಣೂಕ ಬಾಯಿಗೆ ಹಾಕಿದೆ. ಮತ್ತೆ ಬಾರಿಸಿತು, ಮತ್ತೊಂದು. ಹೀಗೆ ನಾಲ್ಕು ಹಾಕಿದ್ದೆ. ತಂಗಿ ನನ್ನ ಕೈ ಹಿಡಿದಳು.

"ಅಯ್ಯ ಅಣ್ಣಾ, ಇವ ಅಲ್ಲೋ! ಇವು ಬರೇ ಎಚ್ಚರಾ ಮಾಡೂ ಗಂಟಿ. ಇನ್ನ ಮುಂದ ಖರೇ ಗಂಟಿ ಹೊಡೀತಾವ."

"ಗಡಿಬಿಡಿ ಸ್ವಭಾವ," ಎಂದಳು ಹೆಂಡತಿ. ಅಷ್ಟರಲ್ಲಿ ನಿಜವಾದ ಗಂಟೆ ಶುರುವಾಯಿತು.

ಮೂರು ಸೆಕೆಂಡಿಗೆ ಒಂದು. ಅಗಿದು ನುಂಗಲು ಸಮಯ ಸಾಲದು. ಹೆಂಡತಿಯ ಎರಡೂ ಕೆನ್ನೆ ಉಬ್ಬಿದವು. ತಂಗಿ ಒಂದೊಂದಕ್ಕೂ ಕಣ್ಣು ಮುಚ್ಚುತ್ತಿದ್ದಳು. ಏನು ಬೇಡುತ್ತಿದ್ದಾಳೆ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ನನ್ನ ಬೇಡಿಕೆ ಮರೆತೆ. ಎಂಟನೇ ಗಂಟೆಗೆ ನನ್ನ ಬಟ್ಟಲು ಬರಿದಾಯಿತು. ಒಂಬತ್ತು, ಹತ್ತು. ಉಳಿದ ಎಲ್ಲರ ಬಾಯಿ ತುಂಬಿತ್ತು, ನನ್ನದು ಮಾತ್ರ ಖಾಲಿ. ಹಾಕಿಕೊಳ್ಳಲು ಏನೂ ಇರಲಿಲ್ಲ. ಎರಡು ತಿಂಗಳಿಂದ ಒಳಗೆ ಕುಳಿತಿದ್ದ ಮಾತೇ ಹೊರಗೆ ಬಂತು.

"ತಂಗೀ, ನಿನಗ ರಾಯಬಾಗದಿಂದ ಒಂದ ಸಂಬಂಧ ಬಂದಿತ್ತು. ನಾ ನಿನ್ನ ಕೇಳದ ಬ್ಯಾಡ ಅಂದ್ನಿ."

ಅವಳು ಒಂದು ಕೈ ಎತ್ತಿ ತಡೆ ಎಂದು ತೋರಿಸಿದಳು. ಕಣ್ಣು ತೆರೆಯಲಿಲ್ಲ. ಹನ್ನೆರಡನೆಯದನ್ನು ಬಾಯಿಗೆ ಹಾಕಿ, ಅಗಿದು, ನುಂಗಿದಳು. ಫೋನಿನಲ್ಲಿ ಪಟಾಕಿ, ಕೂಗು. ಗೆಳತಿ ಮುದುಕಿಯನ್ನು ತಬ್ಬಿಕೊಂಡಿದ್ದು ಕಾಣುತ್ತಿತ್ತು.

"ಗೊತ್ತೈತಿ," ಎಂದಳು ತಂಗಿ. "ಅಂಗಡಿಯವ್ರ ಮನಿಯಾಕಿ ಕುಬಸಾ ಹೊಲಿಸಾಕ ಬಂದಾಗ ಹೇಳಿದ್ಲು. 'ಯಾಕ ಬ್ಯಾಡ ಅಂದ್ರಿ' ಅಂತ ನನ್ನ ಕೇಳಿದ್ಲು. ಅಳತಿ ಟೇಪ ಕೈಯಾಗ ಹಿಡ್ಕೊಂಡ ನಿಂತ ಬಿಟ್ಟ್ನಿ."

"ಯಾವಾಗ?"

"ತಿಂಗಳ ಮ್ಯಾಲ ಆತು."

"ಮತ್ತ ಯಾಕ ಕೇಳಲಿಲ್ಲಬೇ ನನ್ನ?"

"ನಾನ್ಯಾಕ ಕೇಳ್ಲಿ? ಮುಚ್ಚಿಟ್ಟಾಂವ ನೀನು. ನೀನ ಹೇಳ್ಬೇಕು." ಅವಳು ಲೋಟವನ್ನು ಹತ್ತಿರ ಎಳೆದುಕೊಂಡಳು. "ದಿನಾ ಕಾದೀನಿ. ತ್ವಾಟದಾಗ ಇಬ್ರ ಇದ್ದಾಗ ಹೇಳ್ತಾನ ಅಂತ ಕಾದೀನಿ. ನೀ ಬರೇ ನನ್ನ ಫೋನಿನ ಕಡೆ ನೋಡ್ತಿದ್ದಿ. ನಾ ಓಡಿ ಹೋಗ್ತೀನಿ ಅಂತ ತಿಳದಿದ್ಯೇನು?"

ನಾನು ಖಾಲಿ ಬಟ್ಟಲನ್ನು ಅತ್ತ ಸರಿಸಿದೆ. ಉತ್ತರ ಅವಳಿಗೆ ಗೊತ್ತಾಯಿತು. ಹೆಂಡತಿ ಎದ್ದು ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟಳು.

"ತಪ್ಪಾತು," ಎಂದೆ. "ನೀ ಹೋದ್ರ ಹೆಂಗ ಅಂತ ನನಗ ಹೆದರಿಕಿ ಇತ್ತು."

"ಅದನ್ನರ ಹೇಳಬೇಕಿತ್ತಲ್ಲ."

"ಈಗ ಏನ್ ಅಂತಿ? ಬರ ಹೇಳ್ಲೇನು ಅವರನ್ನ?"

ಅವಳು ಲೋಟದೊಳಗೆ ಬೆರಳು ಹಾಕಿ ಬೆಂಡೋಲೆ ತೆಗೆದು, ಒರೆಸಿ ಕಿವಿಗೆ ಇಟ್ಟುಕೊಂಡಳು. ಆ ಶರಬತ್ತನ್ನು ಅರ್ಧ ಕುಡಿದು ಉಳಿದದ್ದನ್ನು ನನಗೆ ಕೊಟ್ಟಳು.

"ಬರ್ಲಿ. ಹ್ವಾದ ಸಲ ಎಲ್ಲಾರೂ ನೋಡಿ ನನ್ನ ಕೊಟ್ರಿ. ಈ ಸಲ ನಾ ನೋಡ್ತೀನಿ. ಬ್ಯಾಡ ಅನ್ನೂದಿದ್ರ ನಾನ ಅಂತೀನಿ."

"ಹನ್ನೆರಡೂ ಅದನ್ನ ಬೇಡಿದ್ಯೇನು?"

"ಒಂದ ಅಷ್ಟ ನೀ ಹೇಳಲಿ ಅಂತ ಬೇಡಿದ್ನಿ. ಉಳದದ್ದು ನಿನಗ್ಯಾಕ?"

ಬೆಳಗಾದ ಮೇಲೆ, ಅಂಗಡಿ ತೆರೆಯುವ ಹೊತ್ತಿಗೆ, ಅವಳ ಮುಂದೆಯೇ ಫೋನು ಮಾಡಿದೆ. ಹಿಂದೆ ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡೆ. ಅಂಗಡಿಯವರು "ಕೇಳಿ ನೋಡ್ತೀನ್ರಿ, ಇನ್ನ ಅವರ ಮನಸ ಹೆಂಗೈತೋ" ಎಂದರು. ಮೂರು ದಿನ ಏನೂ ಸುದ್ದಿ ಬರಲಿಲ್ಲ. ನಾಲ್ಕನೇ ದಿನ ರಾಯಬಾಗದಿಂದ ಮಾತು ಬಂತು, ಬರುತ್ತೇವೆ ಎಂದು.

ಭಾನುವಾರ ಗುಮಾಸ್ತರು ಮಗಳನ್ನು ಕರೆದುಕೊಂಡು ಬಂದರು. ತಂಗಿ ಅವರ ಜೊತೆ ಹೊಲಿಗೆ ಮಷೀನಿನ ಕೋಣೆಯಲ್ಲಿ ಕುಳಿತು ಮಾತಾಡಿದಳು, ಬಾಗಿಲು ತೆರೆದೇ ಇತ್ತು. ನಾನು ಪಡಸಾಲೆಯಲ್ಲಿ ಕಿವಿ ಕೊಟ್ಟು ಕುಳಿತಿದ್ದೆ. ಹೆಂಡತಿ ಬಂದು "ಏಳ್ರಿ, ತ್ವಾಟಕ್ಕ ನೀರ ಬಿಡೂದೈತಿ" ಎಂದು ನನ್ನನ್ನು ಹೊರಗೆ ಕಳಿಸಿದಳು. ಅಂದು ನೀರು ಬಿಡುವ ಸರತಿ ನಮ್ಮದಲ್ಲ. ಆದರೂ ಹೋದೆ.

ಹಣ್ಣು ಇಳಿಯುವವರೆಗೆ ಸಮಯ ಬೇಕು ಎಂದು ಅವಳು ಅವರಿಗೆ ಹೇಳಿದಳಂತೆ. ಅವರು ಒಪ್ಪಿದರಂತೆ. ನಾನು ರಾಯಬಾಗಕ್ಕೆ ಹೋಗಿ ಅವರ ಬಗ್ಗೆ ಇಬ್ಬರ ಹತ್ತಿರ ವಿಚಾರಿಸಿ ಬಂದೆ, ಆ ಚಾಳಿ ಬಿಡಲಾಗಲಿಲ್ಲ. ಒಳ್ಳೆಯದನ್ನೇ ಹೇಳಿದರು. ಅವಳಿಗೆ ಗೊತ್ತಾಗಿ "ಮತ್ತ ಶುರು ಆತು ನಿಂದು" ಎಂದು ನಕ್ಕಳು.

ಈಗ ಕಾಯಿ ಮೆತ್ತಗಾಗುತ್ತಿದೆ, ಬಣ್ಣ ತಿರುಗುತ್ತಿದೆ. ಇನ್ನು ಹದಿನೈದು ದಿನಕ್ಕೆ ಮೊದಲ ಗೊನೆ ಕತ್ತರಿಸಬಹುದು. ಇದನ್ನು ಟೈಪು ಮಾಡುತ್ತಾ ಕುಳಿತಲ್ಲಿಂದ ಮುಂದಿನ ಕೋಣೆ ಕಾಣುತ್ತದೆ. ಮಷೀನಿನ ಮೇಲೆ ಅರ್ಧ ಹೊಲಿದ ಒಂದು ಕೆಂಪು ಕುಬಸ ಇದೆ, ಹೊರಗೆ ಹಾಕುವಂಥದ್ದೇ. ಬಾಗಿಲು ಹಾಕಿಲ್ಲ, ಬಟ್ಟೆ ಮುಚ್ಚಿಟ್ಟಿಲ್ಲ. ಅಳತೆ ಯಾರದು ಎಂದು ನಾನು ಕೇಳಿಲ್ಲ.